ಕಡಬದ ತರಗತಿಗೆ ಸಮಾಜ ವಿಜ್ಞಾನ: ವರ್ಷದ ಪಾಠ ಹೂಡುವ ಬಗೆ

ಆರರಿಂದ ಎಂಟನೇ ತರಗತಿಯವರೆಗಿನ ಸಮಾಜ ವಿಜ್ಞಾನಕ್ಕೆ ವಾರ್ಷಿಕ ಪಾಠಯೋಜನೆ ಬರೆಯುವಾಗ ಶಿಕ್ಷಕರ ಮುಂದೆ ಪಠ್ಯಪುಸ್ತಕ ಮತ್ತು ಕ್ಯಾಲೆಂಡರ್ ಇರುತ್ತವೆ. ಪುಸ್ತಕದ ಅಧ್ಯಾಯಗಳನ್ನು ಕ್ಯಾಲೆಂಡರಿನ ತಿಂಗಳುಗಳಿಗೆ ಹಂಚಿದರೆ ಕಾಗದದ ಮೇಲಿನ ಯೋಜನೆ ಮುಗಿಯಿತು. ಹೀಗೆ ಹಂಚಿದ ಯೋಜನೆಯಲ್ಲಿ ಒಂದು ಲೆಕ್ಕ ಬಿಟ್ಟುಹೋಗುತ್ತದೆ. ಮಗು ತಾನೇ ನೋಡಿ, ಕೇಳಿ, ಮುಟ್ಟಿ ಪರೀಕ್ಷಿಸಬಹುದಾದ ಸಂಗತಿ ಶಾಲೆಯ ಸುತ್ತಮುತ್ತ ಎಷ್ಟಿದೆ ಎನ್ನುವ ಲೆಕ್ಕ ಅದು. ಹನ್ನೊಂದು ಹನ್ನೆರಡರ ಪ್ರಾಯದಲ್ಲಿ ಇತಿಹಾಸ ಅರ್ಥವಾಗುವುದೂ ಬಾಯಿಪಾಠವಾಗಿ ಉಳಿಯುವುದೂ ಬಹುಮಟ್ಟಿಗೆ ಇದರಿಂದಲೇ ನಿರ್ಧಾರವಾಗುತ್ತದೆ.

ಈ ಲೆಕ್ಕ ಹಾಕಲು ದಕ್ಷಿಣ ಕನ್ನಡದ ಕಡಬ ಒಳ್ಳೆಯ ಊರು. 2013ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿ, ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿಕೊಂಡು ಕೆಲವು ವರ್ಷಗಳ ಬಳಿಕ ಕಾರ್ಯಾರಂಭ ಮಾಡಿದ ಹೊಸ ತಾಲೂಕು ಇದು. ತಾಲೂಕು ಹೊಸದಾದರೂ ಊರು ಹಳೆಯದು. ಒಂದು ಕಡೆ ಕುಮಾರಧಾರೆ, ಇನ್ನೊಂದು ಕಡೆ ಗುಂಡ್ಯ ಹೊಳೆ, ಬೆನ್ನಿಗೆ ಪಶ್ಚಿಮ ಘಟ್ಟ, ನಡುವೆ ಅಡಿಕೆ, ತೆಂಗು, ರಬ್ಬರ್. ಒಂದೇ ತರಗತಿಯಲ್ಲಿ ತುಳು, ಅರೆಭಾಷೆ, ಮಲಯಾಳ, ಬ್ಯಾರಿ, ತಮಿಳು ಮನೆಮಾತಿನ ಮಕ್ಕಳು ಕೂತು ಕನ್ನಡದಲ್ಲಿ ಓದುತ್ತಾರೆ. ಪಾಠಯೋಜನೆಯ ದೃಷ್ಟಿಯಿಂದ ಇದು ದೊಡ್ಡ ಬಂಡವಾಳ.

ಕ್ಯಾಲೆಂಡರಿನಿಂದಲೇ ಶುರು ಮಾಡಬೇಕು, ಏಕೆಂದರೆ ಇಲ್ಲಿ ಕಾಲವನ್ನು ಆಳುವುದು ಮಳೆ. ಜೂನ್, ಜುಲೈಯಲ್ಲಿ ಜಿಲ್ಲಾಧಿಕಾರಿ ಕೊಡುವ ಮಳೆ ರಜೆಗಳು ಮುಂಚಿತವಾಗಿ ತಿಳಿಯುವಂಥವಲ್ಲ. ಹೊಳೆ ದಾಟಿ ಬರುವ ಮಕ್ಕಳು ರಜೆ ಇಲ್ಲದ ದಿನವೂ ಬರಲಾರರು. ಅಕ್ಟೋಬರಿನಲ್ಲಿ ದಸರಾ ರಜೆ. ಅನಂತರ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ. ಸುಬ್ರಹ್ಮಣ್ಯದ ಚಂಪಾಷಷ್ಠಿಯ ದಿನಗಳಲ್ಲಿ ಆ ಕಡೆಯ ಶಾಲೆಗಳ ಹಾಜರಿಯೇ ಬೇರೆ. ಹೊರಗೆ ಕರೆದೊಯ್ಯುವ ಪಾಠಗಳಿಗೆ ನವೆಂಬರಿನಿಂದ ಜನವರಿಯವರೆಗಿನ ಅವಧಿ ಬಿಟ್ಟರೆ ಬೇರೆ ಕಾಲವಿಲ್ಲ. ಆದ್ದರಿಂದ ಮಳೆಗಾಲದ ತಿಂಗಳುಗಳನ್ನು ಕಾಗದ, ನಕ್ಷೆ, ಮನೆಯ ಹಿರಿಯರ ಮಾತು ಇವುಗಳಿಗೆ ಮೀಸಲಿಟ್ಟು, ಹೊಳೆ, ಗುಡ್ಡ, ಸೇತುವೆ, ಪಂಚಾಯತ್ ಕಚೇರಿಗಳನ್ನು ಬಿಸಿಲಿನ ತಿಂಗಳಿಗೆ ಇಡುವುದು ಲೇಸು. ಪುಸ್ತಕದಲ್ಲಿ ಭೂಗೋಳದ ಭಾಗ ಎಲ್ಲೇ ಇರಲಿ, ಹೊಳೆಯ ಪಾಠವನ್ನು ಹೊಳೆ ಇಳಿದ ಮೇಲೆ ಮಾಡಿದರೆ ತಪ್ಪಿಲ್ಲ.

ಮೂರು ವರ್ಷಗಳಿಗೆ ಮೂರು ಪ್ರಶ್ನೆಗಳನ್ನು ಆಧಾರವಾಗಿ ಇಟ್ಟುಕೊಂಡರೆ ಅಧ್ಯಾಯಗಳು ಚೆದರುವುದಿಲ್ಲ. ಆರನೆಯ ತರಗತಿಗೆ ‘ಇದು ಹೀಗೇ ನಡೆಯಿತು ಎಂದು ಹೇಗೆ ಗೊತ್ತು?’ ಎಂಬುದು. ಏಳಕ್ಕೆ ‘ಆಳಿದವರು ಯಾರು, ದುಡಿದು ಕಂದಾಯ ಕಟ್ಟಿದವರು ಯಾರು?’ ಎಂಬುದು. ಎಂಟಕ್ಕೆ ‘ಈ ಊರಿನ ಜನ ಇಲ್ಲಿಗೆ ಬಂದದ್ದು ಹೇಗೆ, ಇಲ್ಲಿನ ನೆಲ ಯಾರದಾಯಿತು ಹೇಗೆ?’ ಎಂಬುದು. ರಾಜ್ಯದ ಪಠ್ಯಪುಸ್ತಕದ ಅಧ್ಯಾಯಗಳು ಇವುಗಳ ಒಳಗೆ ಸೇರಿಕೊಳ್ಳುತ್ತವೆ. ಹೊಸ ಪುಸ್ತಕ ಬರೆಯುವ ಅಗತ್ಯ ಬೀಳುವುದಿಲ್ಲ. ಪ್ರತಿ ಅಧ್ಯಾಯಕ್ಕೂ ಊರಿನದೊಂದು ಉದಾಹರಣೆ ಹುಡುಕಲೇಬೇಕೆಂಬ ಹಟವೂ ಬೇಡ. ಸಿಂಧೂ ನಾಗರಿಕತೆಗೆ ಕಡಬದಲ್ಲಿ ಸಾಕ್ಷ್ಯ ಹುಡುಕಹೊರಟರೆ ಕಟ್ಟುಕತೆ ಹುಟ್ಟುತ್ತದೆ, ಇತಿಹಾಸ ಹುಟ್ಟುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಕಡೆ ಊರಿನ ವಸ್ತುವನ್ನು ಆಳವಾಗಿ ಹಿಡಿದರೆ ಸಾಕು. ಅಲ್ಲಿ ಕಲಿತ ಕೈ ಉಳಿದ ಅಧ್ಯಾಯಗಳಲ್ಲೂ ಕೆಲಸ ಮಾಡುತ್ತದೆ.

ಆರನೆಯ ತರಗತಿಯ ಮೊದಲ ಪಾಠಕ್ಕೆ ಊರಿನ ಹೆಸರೇ ಸಾಕಾಗುತ್ತದೆ. ಕಡಬದ ಇತಿಹಾಸ ಬರೆದು ತನ್ನಿ ಎಂದು ಮಕ್ಕಳಿಗೆ ಹೇಳಿದರೆ ಯಾರಾದರೊಬ್ಬರು ಮೊಬೈಲಿನಲ್ಲಿ ಹುಡುಕಿ, ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ ‘ಕಡಬ ತಾಮ್ರಪಟ’ದ ಸುದ್ದಿ ತರುತ್ತಾರೆ. ಜೈನ ಮುನಿ ಅರ್ಕಕೀರ್ತಿಗೆ ಕೊಟ್ಟ ದಾನವನ್ನು ಹೇಳುವ ಆ ತಾಮ್ರಪಟ ಸಿಕ್ಕಿದ್ದು ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಕಡಬದಲ್ಲಿ. ಕುಮಾರಧಾರೆಯ ದಂಡೆಯ ಕಡಬಕ್ಕೂ ಅದಕ್ಕೂ ಹೆಸರಿನ ನಂಟಷ್ಟೇ. ಈ ತಪ್ಪನ್ನು ತಿದ್ದಿ ಮುಂದೆ ಹೋಗಿಬಿಡಬಾರದು. ದಾಖಲೆಯಲ್ಲಿ ಬರುವ ಹೆಸರು ಯಾವ ಊರಿನದು, ಅದು ಎಲ್ಲಿ ಸಿಕ್ಕಿತು, ಅಕ್ಕಪಕ್ಕದ ಯಾವ ಊರುಗಳ ಹೆಸರು ಅದರಲ್ಲಿವೆ ಎಂದು ಒಂದು ಅವಧಿ ಪೂರ್ತಿ ಚರ್ಚಿಸಿದರೆ, ಶಾಸನ ಎಂದರೇನು ಎಂಬ ಅಧ್ಯಾಯದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಕನ್ನಡನಾಡಿನಲ್ಲಿ ಒಂದೇ ಹೆಸರಿನ ಊರುಗಳಿಗೆ ಬರವಿಲ್ಲ. ಈ ಎಚ್ಚರ ಒಮ್ಮೆ ಬಂದರೆ ಮುಂದೆ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಶಾಸನದ ಜೊತೆಗೇ ಬಾಯ್ದೆರೆಯ ಸಾಕ್ಷ್ಯವೂ ಬರಬೇಕು. ತುಳುನಾಡಿನ ಮಗುವಿಗೆ ಹಿಂದಿನ ಕಾಲ ಮೊದಲು ಪರಿಚಯವಾಗುವುದು ತುಳು ಹಾಡುಗತೆಯಾದ ಪಾಡ್ದನದಲ್ಲಿ, ದೈವದ ಕೋಲದ ನುಡಿಯಲ್ಲಿ. ಕೋಟಿ ಚೆನ್ನಯರ ಕತೆಯ ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ಇದೇ ಸೀಮೆಯ ಊರುಗಳು. ಬಸ್ಸಿನ ಬೋರ್ಡಿನಲ್ಲಿ ಮಕ್ಕಳು ದಿನವೂ ಓದುವ ಹೆಸರುಗಳು. ಆ ಕತೆಯಿಂದ ಇಸವಿ ಹೆಕ್ಕಲು ಹೊರಟರೆ ನಿರಾಸೆಯಾಗುತ್ತದೆ. ಬಲ್ಲಾಳನಿಗೂ ಬಿಲ್ಲವ ಮನೆತನಕ್ಕೂ ಇದ್ದ ಸಂಬಂಧ, ಮದ್ದು ಬಲ್ಲ ಹೆಂಗಸಿಗೆ ಸಿಗುತ್ತಿದ್ದ ಮನ್ನಣೆ, ಗದ್ದೆಯ ನೀರಿನ ಜಗಳ ಊರಿನ ಜಗಳವಾಗುತ್ತಿದ್ದ ರೀತಿ ಇವನ್ನು ಕೇಳಿದರೆ ಪಾಡ್ದನ ಧಾರಾಳವಾಗಿ ಉತ್ತರ ಕೊಡುತ್ತದೆ. ದೈವದ ಮೇಲಿನ ಭಕ್ತಿಗೂ ಕತೆಯನ್ನು ಸಾಕ್ಷ್ಯವಾಗಿ ಓದುವುದಕ್ಕೂ ವಿರೋಧವಿಲ್ಲ ಎಂಬುದನ್ನು ಶಿಕ್ಷಕರು ಮೊದಲೇ ಸ್ಪಷ್ಟಪಡಿಸಬೇಕು. ಮನೆಯಲ್ಲಿ ನಂಬಿ ನಡೆದುಕೊಳ್ಳುವ ವಿಷಯವನ್ನು ಶಾಲೆ ಅಲ್ಲಗಳೆಯಿತು ಎಂದು ಮಗುವಿಗೆ ಅನ್ನಿಸಿದರೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ.

ಏಳನೆಯ ತರಗತಿಯಲ್ಲಿ, ಬ್ರಿಟಿಷ್ ಆಳ್ವಿಕೆಯ ಪಾಠದ ಹೊತ್ತಿಗೆ, ಈ ಸೀಮೆಯ ಅತ್ಯಂತ ಬೆಲೆಯುಳ್ಳ ಸಂಗತಿ ಎದುರಾಗುತ್ತದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಅರಸ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ರಾಜ್ಯವನ್ನು ವಶಪಡಿಸಿಕೊಂಡಿತು. ಕೊಡಗಿನ ಅರಸರ ಅಧೀನದಲ್ಲಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆದ ವಸ್ತುವಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಭತ್ತ ಬೆಳೆಯುವವನ ಕೈಗೆ ನಾಣ್ಯ ಬರುವುದು ಭತ್ತ ಮಾರಿದ ಮೇಲೆ. ಮಾರುವ ಹೊತ್ತಿಗೆ ಬೆಲೆ ನಿಗದಿ ಮಾಡುವವನು ವ್ಯಾಪಾರಿ. ಈ ಒಂದು ಬದಲಾವಣೆ ಮನೆಮನೆಯ ಮೇಲೆ ಏನು ಮಾಡಿತು ಎಂಬುದನ್ನು ಅಡಿಕೆ ಧಾರಣೆಯ ಏರಿಳಿತದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ವಿವರಿಸುವುದು ಕಷ್ಟವಲ್ಲ.

1837ರ ಮಾರ್ಚ್ ಕೊನೆಗೆ ರೈತರು ಎದ್ದರು. ಕಲ್ಯಾಣಸ್ವಾಮಿ ಎಂಬ ಹೆಸರಿನ ನಾಯಕತ್ವ, ಕೆದಂಬಾಡಿ ರಾಮಯ್ಯ ಗೌಡರ ಸಂಘಟನೆ, ನಂದಾವರದ ಲಕ್ಷ್ಮಪ್ಪ ಬಂಗರಸನಂಥವರ ಬೆಂಬಲ. ಬೆಳ್ಳಾರೆಯ ಖಜಾನೆ ಮೊದಲು ಅವರ ಕೈಸೇರಿತು. ಏಪ್ರಿಲ್ 5ರ ಹೊತ್ತಿಗೆ ಅವರು ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿದರು. ಸುಮಾರು ಎರಡು ವಾರ ಪಟ್ಟಣ ಅವರ ವಶದಲ್ಲಿತ್ತು. ಕಂಪನಿಯ ಸೈನ್ಯ ಬಂದ ಮೇಲೆ ಹೋರಾಟ ಮುರಿಯಿತು, ನಾಯಕರು ನೇಣಿಗೇರಿದರು. ಅವರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರಿನಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. 1857ಕ್ಕೆ ಇನ್ನೂ 20 ವರ್ಷ ಬಾಕಿಯಿತ್ತು.

ಘಟನೆಯ ವಿವರವನ್ನು ಒಂದು ಅವಧಿಯಲ್ಲಿ ಹೇಳಿ ಮುಗಿಸಬಹುದು. ಆದರೆ ಇದಕ್ಕೆ ನಾಲ್ಕು ಅವಧಿಗಳನ್ನಾದರೂ ಕೊಡುವುದು ನ್ಯಾಯ, ಕಾರಣ ಈ ಘಟನೆಗೆ ಮೂರು ಹೆಸರುಗಳಿವೆ. ಬ್ರಿಟಿಷರ ಕಡತಗಳಲ್ಲಿ ಅದು ಕೊಡಗಿನ ದಂಗೆ. ಜನರ ಬಾಯಲ್ಲಿ ಬಹುಕಾಲ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಮಾತು. ಅದರಲ್ಲಿ ದಂಡು ಹಾದುಹೋದ ಊರುಗಳು ಪಟ್ಟ ಹೆದರಿಕೆಯ ನೆನಪಿದೆ. ಇತ್ತೀಚಿನ ಬರಹಗಳಲ್ಲಿ, ವೇದಿಕೆಗಳಲ್ಲಿ ಅದು ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು ಈ ಮೂರನೆಯ ಹೆಸರಿನ ಬಲದಿಂದ. ಮೂರೂ ಹೆಸರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಯಾವುದನ್ನು ಯಾರು ಇಟ್ಟರು, ಯಾವಾಗ ಇಟ್ಟರು, ಇಟ್ಟವರು ಎಲ್ಲಿ ನಿಂತು ನೋಡುತ್ತಿದ್ದರು ಎಂದು ಕೇಳಿದರೆ ತರಗತಿ ತಾನಾಗಿ ಎರಡು ಮೂರು ಗುಂಪಾಗುತ್ತದೆ. ಹಾಗಾಗಲಿ. ಖಜಾನೆ ಲೂಟಿ ಮಾಡಿದವರು ಸ್ವಾತಂತ್ರ್ಯ ಹೋರಾಟಗಾರರು ಹೇಗಾಗುತ್ತಾರೆ ಎಂದು ಮಗುವೊಂದು ಕೇಳಿದರೆ, ಆ ಖಜಾನೆಯ ಹಣ ಎಲ್ಲಿಂದ ಬಂದಿತ್ತು ಎಂದು ಇನ್ನೊಂದು ಮಗು ಕೇಳುವಷ್ಟು ಸಮಯ ಯೋಜನೆಯಲ್ಲಿರಬೇಕು. ಬಿಸಿಲಿನ ತಿಂಗಳಲ್ಲಿ ಬೆಳ್ಳಾರೆಗೆ ಒಂದು ದಿನದ ಪ್ರವಾಸ ಇಟ್ಟರೆ ಈ ಮಾತುಕತೆಗೆ ನೆಲ ಸಿಗುತ್ತದೆ. ಮಕ್ಕಳ ಪ್ರವಾಸ ಎಂದರೆ ಮೈಸೂರು, ಬೇಲೂರು ಎಂದಾಗಿರುವ ರೂಢಿಯನ್ನು ಒಂದು ವರ್ಷವಾದರೂ ಬದಲಿಸಬಹುದು.

ಸ್ವಾತಂತ್ರ್ಯ ಹೋರಾಟದ ಮುಂದಿನ ಘಟ್ಟಕ್ಕೂ ಆಸುಪಾಸಿನಲ್ಲೇ ಗುರುತುಗಳಿವೆ. 1934ರಲ್ಲಿ ಗಾಂಧೀಜಿ ಪುತ್ತೂರಿಗೆ ಬಂದದ್ದರ ನೆನಪಿಗೆ ಬಸ್ ನಿಲ್ದಾಣದ ಬಳಿ ಗಾಂಧಿಕಟ್ಟೆಯಿದೆ. ಅದು ಅವರ ಹರಿಜನ ಯಾತ್ರೆಯ ವರ್ಷ. ಗಾಂಧಿ ಬಂದಿದ್ದರು ಎಂಬ ಹೆಮ್ಮೆಯ ಜೊತೆಗೆ ಯಾಕೆ ಬಂದಿದ್ದರು ಎಂಬ ಪ್ರಶ್ನೆಯನ್ನೂ ಸೇರಿಸಿದರೆ ಅಸ್ಪೃಶ್ಯತೆಯ ಪಾಠ ಬೇರೆ ಊರಿನ ಪಾಠವಾಗಿ ಉಳಿಯುವುದಿಲ್ಲ. ಇನ್ನು ಸುಬ್ರಹ್ಮಣ್ಯದ ಹತ್ತಿರದ ಕುಲ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಶಿವರಾಯ ಮುಂದೆ ನಿರಂಜನ ಎಂಬ ಹೆಸರಿನಿಂದ ಕಾಸರಗೋಡಿನ ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ ಕಾದಂಬರಿಯಾಗಿಸಿದರು. ಕಯ್ಯೂರಿನ ನಾಲ್ವರು ಯುವಕರು ಗಲ್ಲಿಗೇರಿದ್ದು 1943ರ ಮಾರ್ಚ್ 29ರಂದು. ಆಗ ದಕ್ಷಿಣ ಕನ್ನಡವೂ ಕಾಸರಗೋಡೂ ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯೊಳಗಿದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಏಕೀಕರಣದ ಅಧ್ಯಾಯ ಕಡಬದ ಮಕ್ಕಳಿಗೆ ಬಂಧುಬಳಗದ ಕತೆಯಾಗಿ ಅರ್ಥವಾಗುವುದು ಇಲ್ಲಿ; ಗಡಿಯಾಚೆ ಅಜ್ಜಿಮನೆ ಇರುವವರು ತರಗತಿಯಲ್ಲಿ ಇದ್ದೇ ಇರುತ್ತಾರೆ.

ಇದೇ ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಏಳು ಸಂಪುಟಗಳ ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದರು. ಅದಕ್ಕೂ ಮೊದಲು, 1936ರಲ್ಲಿ, ಪುತ್ತೂರಿನ ಬಾಲವನದಲ್ಲಿದ್ದ ಶಿವರಾಮ ಕಾರಂತರು ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದಿದ್ದರು. ಜಗತ್ತನ್ನು ಕನ್ನಡದ ಮಕ್ಕಳಿಗೆ ತಿಳಿಸುವ ಎರಡು ದೊಡ್ಡ ಪ್ರಯತ್ನಗಳು ಇದೇ ಮಣ್ಣಿನ ನಂಟುಳ್ಳವರಿಂದ ಆದವು. ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಈ ಸಂಪುಟಗಳಿದ್ದರೆ ಅವನ್ನು ಹೊರಗೆ ತೆಗೆಯಲು ಬೇರೆ ಕಾರಣ ಬೇಕಿಲ್ಲ.

ಎಂಟನೆಯ ತರಗತಿಯ ಪ್ರಶ್ನೆ ನೆಲದ್ದು ಮತ್ತು ವಲಸೆಯದ್ದು. ಇಲ್ಲಿ ಯೋಜನೆಗೆ ಹೆಚ್ಚಿನ ಎಚ್ಚರ ಬೇಕು. ದಕ್ಷಿಣ ಕನ್ನಡ ಗೇಣಿದಾರರ ಜಿಲ್ಲೆಯಾಗಿತ್ತು. ಗೇಣಿ ನಿಗದಿಯಾಗಿದ್ದು ಒಕ್ಕಲೆಬ್ಬಿಸುವ ಭಯವಿಲ್ಲದ್ದು ಮೂಲಗೇಣಿ. ಧಣಿಯ ಮರ್ಜಿಯ ಮೇಲೆ ನಿಂತದ್ದು ಚಾಲಗೇಣಿ. ತಿದ್ದುಪಡಿಯಾದ ಭೂ ಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರರು ನಿಗದಿತ ನಮೂನೆಯಲ್ಲಿ ಅರ್ಜಿ ಕೊಟ್ಟರು. ಊರಿನವರು ಇಂದಿಗೂ ಅದನ್ನು ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರೆ. ಭೂ ನ್ಯಾಯಮಂಡಳಿಗಳ ಮುಂದೆ ಧಣಿಯೂ ಒಕ್ಕಲೂ ಎದುರುಬದುರು ನಿಂತರು. ಆ ತಿದ್ದುಪಡಿ ತಂದ ಮುಖ್ಯಮಂತ್ರಿ ದೇವರಾಜ ಅರಸರ ಹೆಸರು ಪುಸ್ತಕದಲ್ಲಿ ಒಂದು ಸಾಲಾಗಿ ಬರುತ್ತದೆ. ಆ ಸಾಲಿನ ಹಿಂದಿನ ಬದುಕನ್ನು ಹೇಳಬಲ್ಲ ಅಜ್ಜ ಅಜ್ಜಿಯರು ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಇನ್ನು ಹತ್ತು ವರ್ಷ ಕಳೆದರೆ ಕೇಳಲು ಯಾರೂ ಸಿಗಲಿಕ್ಕಿಲ್ಲ. ಪಾಠಯೋಜನೆಯಲ್ಲಿ ಯಾವುದನ್ನಾದರೂ ಮುಂದಿನ ವರ್ಷಕ್ಕೆ ಹಾಕಬಹುದು, ಇದನ್ನು ಹಾಕಬಾರದು.

ಎಚ್ಚರ ಬೇಕಾದದ್ದು ಏಕೆಂದರೆ, ಭೂಮಿ ಸಿಕ್ಕಿದ ಮನೆಯ ಮಗುವೂ ಕಳೆದುಕೊಂಡ ಮನೆಯ ಮಗುವೂ ಒಂದೇ ಬೆಂಚಿನಲ್ಲಿರುತ್ತವೆ. ಗೇಣಿಗೂ ಭೂಮಿ ಇಲ್ಲದೆ ಕೂಲಿ ಮಾಡುತ್ತಿದ್ದ, ಆದ್ದರಿಂದ ಡಿಕ್ಲರೇಶನ್ ಕೊಡಲಾಗದ ದಲಿತ ಕುಟುಂಬದ ಮಗು ಅದರ ಹಿಂದಿನ ಬೆಂಚಿನಲ್ಲಿರಬಹುದು. ‘ನಿಮಗೆ ಎಷ್ಟು ಎಕರೆ ಸಿಕ್ಕಿತು?’ ಎಂಬ ಪ್ರಶ್ನೆ ಕೊಟ್ಟು ಮಕ್ಕಳನ್ನು ಮನೆಗೆ ಕಳುಹಿಸುವುದು ಕ್ರೂರ. ‘ಆಗ ಗೇಣಿ ಎಷ್ಟು ಮುಡಿ ಅಕ್ಕಿಯಾಗಿತ್ತು? ಅದನ್ನು ಹೇಗೆ ಸಾಗಿಸುತ್ತಿದ್ದರು? ಬೈಲು, ಮಜಲು, ಬೆಟ್ಟು ಗದ್ದೆಗಳಲ್ಲಿ ಎಷ್ಟು ಬೆಳೆ ತೆಗೆಯುತ್ತಿದ್ದರು? ಗದ್ದೆ ತೋಟವಾದದ್ದು ಯಾವಾಗ?’ ಎಂಬಂಥ ಪ್ರಶ್ನೆಗಳು ಎಲ್ಲ ಮನೆಗೂ ಒಪ್ಪುತ್ತವೆ, ಉತ್ತರವೂ ಹೆಚ್ಚು ಸಿಗುತ್ತದೆ. ಸಿಕ್ಕ ಉತ್ತರಗಳನ್ನು ಹೆಸರಿಲ್ಲದೆ ಒಟ್ಟುಮಾಡಿ ಚರ್ಚಿಸಬೇಕು. ಪಹಣಿ ಪತ್ರದ ಒಂದು ಮಾದರಿಯನ್ನು ತರಗತಿಗೆ ತಂದು ಸರ್ವೆ ನಂಬರ್, ಕುಮ್ಕಿ ಎಂಬ ಶಬ್ದಗಳನ್ನು ಓದಿಸಿದರೆ, ಮನೆಯಲ್ಲಿ ದೊಡ್ಡವರು ಆಡುವ ಮಾತು ಮಕ್ಕಳಿಗೆ ಮೊದಲ ಸಲ ತಿಳಿಯುತ್ತದೆ.

ವಲಸೆಯ ಪಾಠಕ್ಕೆ ರಬ್ಬರ್ ತೋಟವೇ ದಾರಿ. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ ಒಪ್ಪಂದವೊಂದಕ್ಕೆ ಸಹಿ ಹಾಕಿದರು. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದರೂ ಯಾವ ದೇಶದ ಪೌರತ್ವವೂ ಇಲ್ಲದಿದ್ದ ತಮಿಳರಲ್ಲಿ 5,25,000 ಜನರನ್ನು ಭಾರತವೂ 3,00,000 ಜನರನ್ನು ಸಿಲೋನೂ ಸ್ವೀಕರಿಸುವುದೆಂದು ತೀರ್ಮಾನವಾಯಿತು. ಉಳಿದ 1,50,000 ಜನರ ವಿಷಯ ಇತ್ಯರ್ಥವಾದದ್ದು 1974ರಲ್ಲಿ. ಹಾಗೆ ಬಂದವರಲ್ಲಿ ಹಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು, ಕಡಬ ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರ ಮೊಮ್ಮಕ್ಕಳು ಈಗ ಇಲ್ಲಿನ ಶಾಲೆಗಳಲ್ಲಿ ಕನ್ನಡ ಓದುತ್ತಿದ್ದಾರೆ. ಪೌರತ್ವ ಎಂಬ ಪೌರನೀತಿಯ ಒಣ ಅಧ್ಯಾಯಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಕೇರಳದಿಂದ ಬಂದು ಗುಡ್ಡ ಕಡಿದು ರಬ್ಬರ್ ನೆಟ್ಟ ಕ್ರೈಸ್ತ ಕುಟುಂಬಗಳ ಕತೆ, ಘಟ್ಟ ಇಳಿದು ಬಂದವರೆಂದು ಹೇಳಿಕೊಳ್ಳುವ ಗೌಡ ಮನೆತನಗಳ ಕತೆ, ಕಾಡಿನಲ್ಲೇ ಬಾಳಿದ, ಸುಬ್ರಹ್ಮಣ್ಯದ ಬ್ರಹ್ಮರಥಕ್ಕೆ ಬೆತ್ತ ತಂದು ಕಟ್ಟುವ ಮಲೆಕುಡಿಯರ ಕತೆ ಇದರ ಪಕ್ಕದಲ್ಲಿ ಬಂದರೆ, ಊರು ಎಂದರೆ ಬೇರೆ ಬೇರೆ ಕಾಲಕ್ಕೆ ಬಂದು ನೆಲೆಸಿದವರ ಕೂಟ ಎಂಬುದು ಮಕ್ಕಳಿಗೆ ತಾವಾಗಿ ಹೊಳೆಯುತ್ತದೆ. ಆರಂಭಕ್ಕೆ ತರಗತಿಯ ಮನೆಮಾತುಗಳ ಪಟ್ಟಿ ಮಾಡಿ, ಮಳೆ, ಅನ್ನ, ಅಜ್ಜಿ ಎಂಬ ಮೂರು ಶಬ್ದಗಳನ್ನು ಎಲ್ಲ ಭಾಷೆಗಳಲ್ಲೂ ಬರೆಸಬಹುದು.

ಭೂಗೋಳ ಮತ್ತು ಪೌರನೀತಿಗೆ ಹೊಳೆಯೊಂದೇ ಸಾಕು. ಪುಷ್ಪಗಿರಿಯ ಕಡೆ ಹುಟ್ಟಿ ಸುಬ್ರಹ್ಮಣ್ಯದ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಕುಮಾರಧಾರೆಯ ನಕ್ಷೆಯನ್ನು ಮಕ್ಕಳೇ ಬಿಡಿಸಲಿ. ತಮ್ಮ ಮನೆಯ ತೋಡು ಯಾವ ಹೊಳೆಗೆ ಸೇರುತ್ತದೆ ಎಂಬುದರಿಂದ ಆರಂಭಿಸಲಿ. 1923ರ ನೆರೆಯನ್ನು ತುಳುವರು ‘ಮಾರಿ ಬೊಳ್ಳ’ ಎಂದು ನೆನಪಿಡುತ್ತಾರೆ; ಹೊಳೆಯ ಆ ನೆನಪೂ ನಕ್ಷೆಯ ಜೊತೆಗೆ ಬರಲಿ. ಮಳೆಗಾಲದಲ್ಲಿ ಮುಳುಗಿ ಕಡಬವನ್ನು ಉಪ್ಪಿನಂಗಡಿಯ ಕಡೆಯಿಂದ ಕಡಿದುಬಿಡುತ್ತಿದ್ದ ಹೊಸ್ಮಠದ ಹಳೆಯ ಸೇತುವೆಯನ್ನೂ, ಅದರ ಪಕ್ಕದ ಎತ್ತರದ ಹೊಸ ಸೇತುವೆಯನ್ನೂ ಒಟ್ಟಿಗೆ ತೋರಿಸಿ, ಇದು ಬರಲು ಯಾರು ಯಾರಿಗೆ ಅರ್ಜಿ ಕೊಟ್ಟರು, ಹಣ ಯಾವ ಸರಕಾರದ್ದು ಎಂದು ಹುಡುಕಿಸಿದರೆ ಆಡಳಿತದ ಪಾಠವಾಗುತ್ತದೆ. ಗುಂಡ್ಯ ಹೊಳೆಗೆ ಬರಬೇಕಾದ ನೀರನ್ನು ಸಕಲೇಶಪುರದಲ್ಲೇ ತಡೆದು ಪೂರ್ವದ ಕೋಲಾರದಂಥ ಜಿಲ್ಲೆಗಳಿಗೆ ಒಯ್ಯುವ 24.01 ಟಿಎಂಸಿಯ ಎತ್ತಿನಹೊಳೆ ಯೋಜನೆಯನ್ನು ಇಲ್ಲಿಯವರು ನೋಡುವ ಬಗೆ ಬೇರೆ, ಕೋಲಾರದ ಮಗು ನೋಡುವ ಬಗೆ ಬೇರೆ. ಎರಡೂ ಕಡೆಯ ವಾದವನ್ನು ಒಂದೇ ಮಗು ಬರೆಯುವಂತೆ ಮಾಡಬೇಕು. ಗ್ರಾಮ ಪಂಚಾಯತ್‌ಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಮಕ್ಕಳ ಗ್ರಾಮಸಭೆಯ ದಿನವನ್ನು ಮೊದಲೇ ತಿಳಿದು, ಪಂಚಾಯತ್ ವ್ಯವಸ್ಥೆಯ ಅಧ್ಯಾಯವನ್ನು ಅದರ ಹಿಂದಿನ ವಾರಕ್ಕೆ ಇಟ್ಟುಕೊಂಡರೆ ಸಾಕು. ಮಕ್ಕಳು ಬರೀ ಸ್ವಾಗತ ಗೀತೆ ಹಾಡಿ ಬರುವ ಬದಲು ಪ್ರಶ್ನೆ ಕೇಳಿ ಬರುತ್ತಾರೆ.

ಇಷ್ಟೆಲ್ಲ ಮಾಡಿದರೆ ಪಾಠ ಮುಗಿಯುವುದು ಯಾವಾಗ ಎಂಬ ಆತಂಕ ನಿಜವಾದದ್ದು. ಮಧ್ಯಪ್ರದೇಶದಲ್ಲಿ ಏಕಲವ್ಯ ಸಂಸ್ಥೆ 1980ರ ದಶಕದಿಂದ ಮಾಧ್ಯಮಿಕ ತರಗತಿಗಳಿಗೆ ಸಮಾಜ ವಿಜ್ಞಾನದ ಹೊಸ ಪುಸ್ತಕಗಳನ್ನು ರೂಪಿಸಿದಾಗ ಎದುರಿಸಿದ್ದೂ ಇದೇ ಪ್ರಶ್ನೆ: ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹೇಳುವುದೋ, ಕೆಲವನ್ನು ತೃಪ್ತಿಯಾಗುವಷ್ಟು ಹೇಳುವುದೋ. ಅವರು ಎರಡನೆಯದನ್ನು ಆರಿಸಿದರು. ಸರಕಾರಿ ಶಾಲೆಯ ಶಿಕ್ಷಕರಿಗೆ ಆ ಸ್ವಾತಂತ್ರ್ಯ ಪೂರ್ತಿ ಇಲ್ಲ. ಪರೀಕ್ಷೆ ಪುಸ್ತಕದಿಂದಲೇ ಬರುತ್ತದೆ. ಆದರೂ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು ಶಿಕ್ಷಕರ ಕೈಯಲ್ಲೇ ಇವೆ. ಅವುಗಳ ಚಟುವಟಿಕೆಗೆ ಅಂಗಡಿಯಲ್ಲಿ ಸಿಗುವ ಚಿತ್ರಪಟ ಅಂಟಿಸಿದ ಯೋಜನಾ ಪುಸ್ತಕದ ಬದಲು, ಒಬ್ಬ ಹಿರಿಯರ ಜೊತೆಗಿನ ಮಾತುಕತೆ, ಒಂದು ಕೈನಕ್ಷೆ, ಮೂರು ಹೆಸರಿನ ಘಟನೆಯ ಮೇಲೆ ಒಂದು ಪುಟದ ಬರಹ ಇವನ್ನು ಇಟ್ಟರೆ ಹೆಚ್ಚುವರಿ ಅವಧಿ ಬೇಕಾಗುವುದಿಲ್ಲ. ಅಂಕ ಕೊಡುವಾಗ ಅಕ್ಷರದ ಅಂದಕ್ಕಿಂತ, ಮಗು ‘ನಾನು ನೋಡಿದ್ದು’, ‘ಅಜ್ಜ ಹೇಳಿದ್ದು’, ‘ಪುಸ್ತಕದಲ್ಲಿ ಇದ್ದದ್ದು’ ಎಂದು ಬೇರೆ ಬೇರೆ ಮಾಡಿ ಬರೆದಿದೆಯೇ ಎಂಬುದನ್ನು ನೋಡಬೇಕು. ಮುಖ್ಯ ಘಟನೆಗಳ ಇಸವಿ, ಹೆಸರುಗಳನ್ನು ಗಟ್ಟಿಯಾಗಿ ನೆನಪಿಡಿಸುವುದೂ ಬೇಕು, ಅದನ್ನು ಕೀಳಾಗಿ ಕಾಣಬೇಕಿಲ್ಲ. 1834 ಮತ್ತು 1837 ನೆನಪಿಲ್ಲದಿದ್ದರೆ ಒಂದು ಇನ್ನೊಂದಕ್ಕೆ ಕಾರಣ ಎಂದು ಹೇಳುವುದೂ ಆಗುವುದಿಲ್ಲ.

ಕೊನೆಯ ಕೆಲಸ ಮಾರ್ಚ್‌ನಲ್ಲಿ. ವರ್ಷವಿಡೀ ಮಕ್ಕಳು ಬರೆದು ತಂದ ಮಾತುಕತೆಗಳು, ನಕ್ಷೆಗಳು, ಮನೆಯವರ ಒಪ್ಪಿಗೆ ಪಡೆದು ತೆಗೆದ ಹಳೆಯ ಫೋಟೋಗಳ ಪ್ರತಿಗಳು ಪರೀಕ್ಷೆ ಮುಗಿದೊಡನೆ ರದ್ದಿಗೆ ಹೋಗುವುದು ವಾಡಿಕೆ. ಅವಕ್ಕೆ ದಿನಾಂಕ, ಗ್ರಾಮ, ಹೇಳಿದವರ ಪ್ರಾಯ ಇಷ್ಟನ್ನು ಬರೆದು, ಮಳೆಗಾಲದ ತೇವ ತಾಗದ ತಗಡಿನ ಪೆಟ್ಟಿಗೆಯಲ್ಲಿ ಇಡಬೇಕು. ಬೋರ್ಡ್ ಶಾಲೆಯ ಕಾಲದ ದಾಖಲಾತಿ ಪುಸ್ತಕ ಶಾಲೆಯಲ್ಲಿದ್ದರೆ ಅದರ ಹಳೆಯ ಪುಟಗಳ ನಕಲೂ ಅಲ್ಲೇ ಇರಲಿ. ಜೂನ್ ತಿಂಗಳ ಮೊದಲ ಮಳೆ ರಜೆ ಕಳೆದು ಬಂದ ಹೊಸ ಆರನೆಯ ತರಗತಿಯ ಮುಂದೆ ಆ ಪೆಟ್ಟಿಗೆಯನ್ನು ತೆರೆದರೆ, ‘ಇದು ಹೀಗೇ ನಡೆಯಿತು ಎಂದು ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಬೇಕಾದ ಮೊದಲ ಕಾಗದ ಕೈಯಲ್ಲೇ ಇರುತ್ತದೆ.